ಟರ್ಕಿ ಇರಲಿ, ಚೆಕ್ಕಿಗೆ ಸಹಿ ಬೇಡ

ಪ್ರಶ್ನೆ: ನಾವು ಮೈಸೂರಿನ ಶ್ರೀರಾಂಪುರದವರು. ಮಾನಂದವಾಡಿ ರಸ್ತೆಯಲ್ಲಿ ಜಯಪುರದ ಹತ್ತಿರ ನಮಗೆ 20 ಗುಂಟೆ ಜಮೀನಿದೆ. ಎಂಟು ವರ್ಷದಿಂದ ಅಲ್ಲಿ ನಾಟಿ ಕೋಳಿ ಸಾಕುತ್ತಿದ್ದೇನೆ. ಮೊಟ್ಟೆ, ಹುಂಜ ಎಲ್ಲ ನಮ್ಮ ಬೀದಿಯಲ್ಲೇ ಖರ್ಚಾಗುತ್ತವೆ, ಕೈಖರ್ಚಿಗೆ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮನೆಯವರು ಕಳೆದ ವರ್ಷ ಕಾರ್ಖಾನೆಯಿಂದ ರಿಟೈರ್ ಆದರು. ಮೊಬೈಲಿನಲ್ಲಿ ಏನೇನೋ ನೋಡಿ 20 ಟರ್ಕಿ ಮರಿ ತಂದರು. ಮೊದಲ ವಾರದಲ್ಲೇ ಆರು ಸತ್ತವು. ಫೀಡು ಮುಂದೆಯೇ ಇದ್ದರೂ ಮುಟ್ಟುತ್ತಿರಲಿಲ್ಲ. ಉಳಿದವು ಚೆನ್ನಾಗಿ ಬೆಳೆದು, ಮೂರು ತಿಂಗಳಾಗುವ ಹೊತ್ತಿಗೆ ಐದು ಒಂದರ ಹಿಂದೊಂದು ತೂಕಡಿಸಿ ಸತ್ತವು. ಹಿಕ್ಕೆ ಅಚ್ಚ ಹಳದಿ ಇತ್ತು. ಈಗ ಉಳಿದಿರುವುದು ಒಂಬತ್ತು. ಅದರಲ್ಲಿ ಒಂದು ಜೋಡಿಯನ್ನು ಇಲ್ಲಿ ಮನೆಯ ತಾರಸಿ ಮೇಲೆ ತಂದಿಟ್ಟುಕೊಂಡಿದ್ದಾರೆ. ಗಂಡು ಮೊನ್ನೆ ಮೊಮ್ಮಗನನ್ನು ಅಟ್ಟಿಸಿಕೊಂಡು ಹೋಗಿ ಬೀಳಿಸಿತು. ಪಕ್ಕದ ಮನೆಯವರು ಅದರ ಸದ್ದಿಗೆ ಬೇಸತ್ತು ಕಾರ್ಪೊರೇಷನ್ನಿಗೆ ಬರೆಯುತ್ತೇವೆ ಅಂತಿದ್ದಾರೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮರಿ ಸತ್ತದ್ದು ನನ್ನ ನಾಟಿ ಕೋಳಿಗಳಿಂದ, ಅವನ್ನೆಲ್ಲ ಮಾರಿಬಿಡು ಅನ್ನುತ್ತಾರೆ. ಜೊತೆಗೆ ಯಾವುದೋ ಕಂಪನಿಯ ಏಜೆಂಟ್ ಬಂದು, ನೂರು ಮರಿ, ಫೀಡು, ತರಬೇತಿ ಎಲ್ಲ ಸೇರಿ ಮೂರು ಲಕ್ಷ ಕಟ್ಟಿ, ಬೆಳೆದ ಹಕ್ಕಿಯನ್ನು ನಾವೇ ವಾಪಸ್ ಕೊಳ್ಳುತ್ತೇವೆ ಎಂದು ಅಗ್ರಿಮೆಂಟ್ ತೋರಿಸಿ ಹೋಗಿದ್ದಾನೆ. ಅದಕ್ಕೆ ಎಫ್‌ಡಿ ಮುರಿಯಬೇಕಂತೆ. ಎಫ್‌ಡಿ ಇಬ್ಬರ ಹೆಸರಲ್ಲಿದೆ. ನಾನು ಸಹಿ ಹಾಕಲ್ಲ ಅಂದೆ. ಹದಿನೈದು ದಿನದಿಂದ ಮಾತಿಲ್ಲ. ಬೆಂಗಳೂರಿನಲ್ಲಿರುವ ಮಗ, ‘ಕ್ರಿಸ್‌ಮಸ್‌ಗೆ ಒಂದೊಂದು ಸಾವಿರಾರು ರೂಪಾಯಿಗೆ ಹೋಗುತ್ತೆ, ಅಪ್ಪ ಮಾಡಲಿ ಬಿಡಮ್ಮ’ ಅಂತಾನೆ. ನಾನೇ ಅಡ್ಡಗಾಲು ಹಾಕುತ್ತಿದ್ದೇನಾ?

– ಹೆಸರು ಬೇಡ, ಮೈಸೂರು

ಉತ್ತರ: ಅಮ್ಮ, ಮೊದಲು ಹಣದ ಮಾತು. ಸಹಿ ಹಾಕಬೇಡಿ. ಅದರಲ್ಲಿ ಅಡ್ಡಗಾಲು ಏನೂ ಇಲ್ಲ. ಎರಡನೆಯದು ನಿಮಗೆ ಅಷ್ಟು ರುಚಿಸಲಾರದು. ನಾಟಿ ಕೋಳಿಗಳ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹಕ್ಕಿಯ ಜಗಳ, ಹಣದ ಜಗಳ ಎರಡೂ ನಿಮ್ಮ ಮನೆಯಲ್ಲಿ ಕಲೆಸಿಹೋಗಿವೆ. ಅವರು ಹಕ್ಕಿಯ ಬಗ್ಗೆ ಸರಿಯಾಗಿ ಏನೋ ಹೇಳಿದರೆ ನಿಮಗೆ ಎಫ್‌ಡಿ ನೆನಪಾಗುತ್ತದೆ. ನೀವು ಹಣದ ಬಗ್ಗೆ ಸರಿಯಾಗಿ ಹೇಳಿದರೆ ಅವರಿಗೆ ತಮ್ಮ ಟರ್ಕಿಯನ್ನೇ ಬೈದಂತೆ ಕೇಳಿಸುತ್ತದೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲ ವಾರದಲ್ಲಿ ಸತ್ತ ಆರು ಮರಿಗಳಿಗೂ ನಿಮ್ಮ ಕೋಳಿಗಳಿಗೂ ಸಂಬಂಧವಿಲ್ಲ. ಅವು ಹಸಿವಿನಿಂದ ಸತ್ತಿವೆ. ಕೋಳಿಮರಿ ಮೊಟ್ಟೆಯೊಡೆದು ಬಂದ ದಿನವೇ ನೆಲ ಕುಕ್ಕಲು ಶುರುಮಾಡುತ್ತದೆ, ಹೆಚ್ಚು ಹೇಳಿಕೊಡಬೇಕಾಗಿಲ್ಲ. ಟರ್ಕಿ ಮರಿ ಹಾಗಲ್ಲ. ಕಾಳಿನ ತಟ್ಟೆಯ ಮೇಲೇ ನಿಂತುಕೊಂಡು ಕೂಗುತ್ತಿರುತ್ತದೆ, ಕಾಲ ಕೆಳಗಿರುವುದು ತಿನ್ನುವ ವಸ್ತು ಎಂದು ಅದಕ್ಕೆ ಹೊಳೆಯುವುದಿಲ್ಲ. ನೀರಿನ ಬಟ್ಟಲು ಪಕ್ಕದಲ್ಲೇ ಇದ್ದರೂ ಕೊಕ್ಕು ಅದ್ದುವುದಿಲ್ಲ. ಮೊಟ್ಟೆಯ ಹಳದಿಯ ಬಲದಲ್ಲಿ ಎರಡು ಮೂರು ದಿನ ಓಡಾಡಿಕೊಂಡಿದ್ದು, ನಾಲ್ಕನೇ ಐದನೇ ದಿನ ಮುದುಡಿ ಕೂತು ಹೋಗಿಬಿಡುತ್ತದೆ. ಸಾಕಿದವರು ರೋಗ ಅಂದುಕೊಂಡು ಔಷಧಿ ಅಂಗಡಿಗೆ ಓಡುತ್ತಾರೆ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ಟರ್ಕಿ ಮೇಲೆ ಬಹಳ ಕೆಲಸ ಮಾಡಿದ್ದಾರೆ, ನಂದನಂ ಎಂಬ ತಳಿಯನ್ನೂ ಬಿಟ್ಟಿದ್ದಾರೆ. ಚೆನ್ನಾಗಿ ನೋಡಿಕೊಂಡರೂ ಮೊದಲ ನಾಲ್ಕು ವಾರದಲ್ಲಿ ನೂರಕ್ಕೆ ಆರರಿಂದ ಹತ್ತು ಮರಿ ಹೋಗುವುದು ಮಾಮೂಲು ಎಂಬುದು ಅಲ್ಲಿಯ ಲೆಕ್ಕ. ನಿಮ್ಮಲ್ಲಿ 20ಕ್ಕೆ ಆರು ಹೋದವು, ಅಂದರೆ ನೂರಕ್ಕೆ ಮೂವತ್ತು. ಅದು ಮಾಮೂಲಲ್ಲ.

ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಮೊದಲ ಹದಿನೈದು ದಿನ ಲೀಟರ್ ನೀರಿಗೆ 100 ಮಿ.ಲೀ. ಹಾಲು ಬೆರೆಸಿಡಿ. ಹತ್ತು ಮರಿಗೆ ಒಂದರಂತೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಫೀಡಿನ ಮೇಲೆ ಉದುರಿಸಿ. ಹಸಿರು ಬಣ್ಣ ಕಂಡರೆ ಟರ್ಕಿ ಮರಿ ಕುಕ್ಕುತ್ತದೆ. ಅದಕ್ಕೇ ಕೊತ್ತಂಬರಿಯನ್ನೋ ನುಗ್ಗೆಸೊಪ್ಪನ್ನೋ ಸಣ್ಣಗೆ ಹೆಚ್ಚಿ ಹಾಕುವುದು. ನೀರಿನ ಬಟ್ಟಲಿಗೆ ಮಕ್ಕಳು ಆಡುವ ಬಣ್ಣದ ಗೋಲಿ ನಾಲ್ಕು ಹಾಕಿ. ಹೊಳೆಯುವ ಗೋಲಿಯನ್ನು ಕುಕ್ಕಲು ಹೋಗಿ ಕೊಕ್ಕು ಒದ್ದೆಯಾಗುತ್ತದೆ, ಅಲ್ಲಿಗೆ ನೀರಿನ ಪಾಠ ಆದಂತೆ. ಇಷ್ಟಾದರೂ ಕಲಿಯದೆ ಉಳಿದ ಒಂದೆರಡನ್ನು ಹಿಡಿದು ಕೊಕ್ಕನ್ನು ನೀರಿಗೆ ಮುಟ್ಟಿಸಬೇಕು, ದಿನಕ್ಕೆ ನಾಲ್ಕೈದು ಸಲ. ತಾಳ್ಮೆ ಇರುವವರ ಕೆಲಸ ಇದು. ನಿಮ್ಮ ಯಜಮಾನರಿಗೆ ಈಗ ಸಮಯವಂತೂ ಇದೆ.

ಕಾವು ಇನ್ನೊಂದು ವಿಷಯ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಬರಬೇಕು. ಸಾಮಾನ್ಯವಾಗಿ ನಾಲ್ಕು ವಾರ ಸಾಕು. ಜಡಿಮಳೆ, ಚಳಿ ಇದ್ದರೆ ಐದಾರು ವಾರ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಗೋಡೆಗೆ ಅಂಟಿಕೊಂಡು ಬಾಯಿ ಬಿಡುತ್ತಿದ್ದರೆ ಶೆಕೆ. ತಗಡಿನ ಸುತ್ತು ಹಾಕಿ, ಮೂಲೆ ಬಿಡಬೇಡಿ. ಮೂಲೆ ಸಿಕ್ಕಿದರೆ ಅಲ್ಲಿಗೇ ಒತ್ತರಿಸಿಕೊಂಡು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಟರ್ಕಿ ಮಳೆ ಬಂದರೆ ಆಕಾಶ ನೋಡುತ್ತ ಬಾಯಿ ತೆರೆದು ನಿಂತು ಮುಳುಗಿ ಸಾಯುತ್ತದೆ ಎಂಬ ಕಥೆಯನ್ನು ನಿಮಗೂ ಯಾರಾದರೂ ಹೇಳಿಯಾರು. ಅದು ಸುಳ್ಳು. ಆದರೆ ನೆನೆದ ಮರಿ ಚಳಿ ಹಿಡಿದು ಸಾಯುವುದು ನಿಜ.

ಫೀಡಿನ ಬಗ್ಗೆ ಅಂಗಡಿಯವರ ಮಾತು ಕೇಳಿ ಹೆಚ್ಚಿನವರು ಎಡವುತ್ತಾರೆ. ಕೋಳಿ ಮರಿಯ ಫೀಡಿನಲ್ಲಿ ಪ್ರೋಟೀನ್ 20–22 ಪರ್ಸೆಂಟ್ ಇರುತ್ತದೆ. ಟರ್ಕಿ ಮರಿಗೆ ಮೊದಲ ತಿಂಗಳು ಬೇಕಾದದ್ದು 28. ಸೋಯಾ ಹಿಂಡಿ, ಮೊಟ್ಟೆ ಸೇರಿಸಿ ಆ ಕೊರತೆಯನ್ನು ಸ್ವಲ್ಪ ತುಂಬಬಹುದು. ಕಡಲೆಕಾಯಿ ಹಿಂಡಿ ಮಾತ್ರ ಹಾಕಬೇಡಿ, ಅದರಲ್ಲೂ ಮುಗ್ಗಲು ವಾಸನೆ ಬಂದದ್ದನ್ನು ಹತ್ತಿರ ಸೇರಿಸಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಸತ್ತವು, ಕಾರಣ ತಿಳಿಯದೆ ಎಲ್ಲರೂ ತಲೆ ಕೆಡಿಸಿಕೊಂಡರು. ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟು. ಇವತ್ತು ನಮ್ಮ ಕಡಲೆಬೀಜ, ಮೆಣಸಿನಕಾಯಿ, ಜೋಳ ಎಲ್ಲದರಲ್ಲೂ ಲ್ಯಾಬಿನವರು ಹುಡುಕುವ ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದು ಆ ಟರ್ಕಿಗಳ ಸಾವಿನಿಂದ. ಕೋಳಿ ಒಂದಿಷ್ಟು ತಡೆದುಕೊಳ್ಳುವ ಬೂಷ್ಟನ್ನು ಟರ್ಕಿ ತಡೆಯುವುದಿಲ್ಲ.

ಈಗ ಆ ಹಳದಿ ಹಿಕ್ಕೆ. ಹಕ್ಕಿಯನ್ನು ಕೊಯ್ದು ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಮೂರು ತಿಂಗಳ ಟರ್ಕಿ, ತೂಕಡಿಕೆ, ಗಂಧಕದ ಬಣ್ಣದ ಹಿಕ್ಕೆ, ಜೊತೆಗೆ ಅದೇ ನೆಲದಲ್ಲಿ ಎಂಟು ವರ್ಷದ ನಾಟಿ ಕೋಳಿ. ಇಷ್ಟು ಸೇರಿದರೆ ಯಾವ ಪಶುವೈದ್ಯರೂ ಮೊದಲು ಅನುಮಾನಿಸುವುದು ಬ್ಲ್ಯಾಕ್‌ಹೆಡ್ ರೋಗವನ್ನು. ಇದು ನಡೆಯುವ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಮನೆಯ ಜಗಳದ ಅರ್ಧ ಇಲ್ಲೇ ಇದೆ. ಕೋಳಿಯ ಕರುಳಿನ ಕುರುಡು ಚೀಲದಲ್ಲಿ ಒಂದು ಸಣ್ಣ ಜಂತುಹುಳ ಇರುತ್ತದೆ. ಅಂಗಳದಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಯಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಆ ಹುಳದ ಮೊಟ್ಟೆಯೊಳಗೆ ಕಣ್ಣಿಗೆ ಕಾಣದ ಇನ್ನೊಂದು ಜೀವಿ ಅಡಗಿರುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ಮಣ್ಣಿಗೆ ಬೀಳುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಎರೆಹುಳ ಅದನ್ನು ನುಂಗಿಟ್ಟುಕೊಳ್ಳುತ್ತದೆ. ಮಳೆ ಬಿದ್ದ ಬೆಳಿಗ್ಗೆ ಎರೆಹುಳ ಮೇಲೆ ಬಂದರೆ ಟರ್ಕಿಗೆ ಹಬ್ಬ. ಆ ಜೀವಿ ಟರ್ಕಿಯ ಕರುಳು ಹೊಕ್ಕು, ಅಲ್ಲಿಂದ ಪಿತ್ತಕೋಶದ ನೆರೆಯ ಯಕೃತ್ತಿಗೆ ಹೋಗಿ ದುಂಡು ದುಂಡಾಗಿ ಕೊರೆಯುತ್ತದೆ. ಒಂದಕ್ಕೆ ಬಂದರೆ ಹಿಕ್ಕೆಯಿಂದ ಪಕ್ಕದ್ದಕ್ಕೂ ಹತ್ತುತ್ತದೆ. ಹಿಂಡಿನ ಮುಕ್ಕಾಲು ಪಾಲು ಹೋದ ಉದಾಹರಣೆಗಳಿವೆ. ಆದರೆ ಅದನ್ನು ಹೊತ್ತು ತಂದ ಕೋಳಿ ಮಾತ್ರ ಗಟ್ಟಿಮುಟ್ಟಾಗಿ ಮೊಟ್ಟೆ ಇಡುತ್ತಿರುತ್ತದೆ.

ಹಾಗಾಗಿ ಯಜಮಾನರು ಹೇಳಿದ್ದು ಸುಳ್ಳಲ್ಲ. ನಿಮ್ಮ ಕೋಳಿಗಳನ್ನು ಮಾರಿಬಿಡು ಅಂದದ್ದು ಮಾತ್ರ ಪ್ರಯೋಜನವಿಲ್ಲದ ಪರಿಹಾರ. ಇವತ್ತು ಎಲ್ಲ ಕೋಳಿ ಮಾರಿದರೂ ಆ ಮಣ್ಣಿನಲ್ಲಿರುವುದು ಹೋಗುವುದಿಲ್ಲ, ನಾಳೆ ನೂರು ಟರ್ಕಿ ತಂದು ಅದೇ ಮಣ್ಣಿನ ಮೇಲೆ ಬಿಟ್ಟರೆ ಇದೇ ಗತಿ. ಇದನ್ನು ಅವರಿಗೆ ಶಾಂತವಾಗಿ ಹೇಳಿ: ‘ರೀ, ನೀವು ಹೇಳಿದ್ದು ನಿಜವಂತೆ, ಆದರೆ ತಪ್ಪು ಕೋಳಿಯದಲ್ಲ, ನೆಲದ್ದು.’ ಹದಿನೈದು ದಿನದ ಮೌನ ಮುರಿಯಲು ಮೊದಲ ಅರ್ಧ ವಾಕ್ಯವೇ ಸಾಕಾಗಬಹುದು.

ಮಾಡಬೇಕಾದದ್ದು ಬೇರ್ಪಡಿಸುವುದು. ಇದುವರೆಗೆ ಕೋಳಿ ಓಡಾಡದ ಮೂಲೆಯೊಂದನ್ನು ಆರಿಸಿ, ಸುತ್ತ ಮೆಶ್ ಹಾಕಿ, ಟರ್ಕಿ ಅಲ್ಲಿರಲಿ. ಅಂಥ ಮೂಲೆ ಇಲ್ಲದಿದ್ದರೆ ಎರಡಡಿ ಎತ್ತರಕ್ಕೆ ರೀಪರ್ ಪಟ್ಟಿಯ ಅಟ್ಟಣೆ ಮಾಡಿ ಹಿಕ್ಕೆ ಕೆಳಗೆ ಬೀಳುವಂತೆ ಮಾಡಿ. ಬೆಳಿಗ್ಗೆ ಮೊದಲು ಟರ್ಕಿಯ ಕೆಲಸ, ಆಮೇಲೆ ಕೋಳಿಯದು. ತಿರುಗುಮುರುಗು ಆಗಬಾರದು. ಎರಡು ಕಡೆಗೂ ಬೇರೆ ಬೇರೆ ಚಪ್ಪಲಿ, ಬೇರೆ ಸಲಿಕೆ. ನಿಮ್ಮ ಕೋಳಿಗಳಿಗೆ ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಜಂತುಹುಳದ ಔಷಧಿ ಕುಡಿಸಿ. ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ಟರ್ಕಿ ಮೊಟ್ಟೆ ಇಡುವ ಆಸೆ ಹಲವರಿಗಿರುತ್ತದೆ. 28 ದಿನ ಕೂತು ಮರಿ ಮಾಡಿಯೂ ಕೊಡುತ್ತದೆ. ಆದರೆ ಆ ತಾಯಿಯ ಹಿಕ್ಕೆಯಿಂದಲೇ ಮರಿಗೆ ರೋಗ ಹತ್ತಬಹುದು. ಬೇಡ. ಕೊಕ್ಕರೆ ರೋಗ, ಸಿಡುಬು, ಕಾಲರಾ ಇವಕ್ಕೆ ಲಸಿಕೆ ಇದೆ, ಹಾಕಿಸಿ. ಬ್ಲ್ಯಾಕ್‌ಹೆಡ್‌ಗೆ ಲಸಿಕೆ ಇಲ್ಲ. ಹಿಂದೆ ಬಳಸುತ್ತಿದ್ದ ಔಷಧಿಗಳನ್ನು ಮಾಂಸದಲ್ಲಿ ಉಳಿಯುತ್ತವೆಂದು ಯುರೋಪ್, ಅಮೆರಿಕ ಎರಡೂ ಕಡೆ ಕೈಬಿಟ್ಟಿದ್ದಾರೆ. ಮುಂದೆ ಯಾವುದಾದರೂ ಸತ್ತರೆ ಹೂಳುವ ಮೊದಲು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಿಸಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಸಂಜೀವಿನಿಯವರು ಸಿಗುತ್ತಾರೆ. ಯಕೃತ್ತಿನ ಮೇಲೆ ಗುಂಡಗಿನ ಕಲೆ ಕಂಡರೆ ನನ್ನ ಊಹೆ ಸರಿ.

20 ಗುಂಟೆಯಲ್ಲಿ ಎರಡನ್ನೂ ದೂರ ಇಡುವುದು ಸಾಧ್ಯವೇ ಇಲ್ಲ, ಒಂದನ್ನೇ ಆರಿಸಬೇಕು ಅಂತಾದರೆ? ನನ್ನ ಓಟು ನಿಮ್ಮ ನಾಟಿ ಕೋಳಿಗೆ. ಯಾಕೆ ಅಂದರೆ ಅದಕ್ಕೆ ಕೊಳ್ಳುವವರಿದ್ದಾರೆ.

ಟರ್ಕಿಯ ನಿಜವಾದ ಕಷ್ಟ ಸಾಕುವುದಲ್ಲ, ಮಾರುವುದು. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಬಾಡಿನಂಗಡಿ ಮುಂದೆ ನಿಂತವರನ್ನು ನೋಡಿ. ಕುರಿ, ನಾಟಿ, ಫಾರಂ ಕೋಳಿ, ಒಂದಷ್ಟು ಮೀನು. ಟರ್ಕಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ನಮ್ಮ ಊರಿನಲ್ಲಿ ಕ್ರೈಸ್ತ ಕುಟುಂಬಗಳಿವೆ, ಸೇಂಟ್ ಫಿಲೋಮಿನಾ ಚರ್ಚಿನ ಕ್ರಿಸ್‌ಮಸ್ ರಾತ್ರಿಯನ್ನು ನೋಡಲು ಇಡೀ ಊರೇ ಹೋಗುತ್ತದೆ. ಆದರೆ ಆ ಮನೆಗಳ ಹಬ್ಬದೂಟವೂ ಹೆಚ್ಚಾಗಿ ಬಿರಿಯಾನಿ, ಹಂದಿ, ಕೋಳಿ. ನಿಮ್ಮ ಮಗ ಹೇಳುವ ಸಾವಿರಾರು ರೂಪಾಯಿಯ ಟರ್ಕಿ ಹೋಗುವುದು ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ, ಅದೂ ಡಿಸೆಂಬರ್ ಮೂರನೇ ವಾರ. ಇಪ್ಪತ್ತಾರನೇ ತಾರೀಖು ಅದೇ ಹಕ್ಕಿಯನ್ನು ತಿರುಗಿ ನೋಡುವವರಿಲ್ಲ. ಮಾರಾಟವಾಗದ ಟರ್ಕಿ ಆಮೇಲೂ ದಿನಾ ತಿನ್ನುತ್ತದೆ. ಒಂದು ಕೆ.ಜಿ. ತೂಕ ಬರಲು ಸುಮಾರು ಮೂರು ಕೆ.ಜಿ. ಫೀಡು ಬೇಕು. ಸರಾಸರಿ ಆರು ಕೆ.ಜಿ.ಯ ನೂರು ಹಕ್ಕಿ ಅಂದರೆ 18 ಕ್ವಿಂಟಲ್, ಐವತ್ತು ಕೆ.ಜಿ.ಯ 36 ಮೂಟೆ. ಸೊಪ್ಪುಸದೆ ಕೊಟ್ಟು ಒಂದಷ್ಟು ಇಳಿಸಬಹುದು. ಹಿಪ್ಪುನೇರಳೆ ಸೊಪ್ಪು, ನುಗ್ಗೆಸೊಪ್ಪು ಬೆಳೆದ ಟರ್ಕಿಗೆ ಬಹಳ ಇಷ್ಟ. ಆದರೂ ಲೆಕ್ಕ ಲೆಕ್ಕವೇ.

ಇನ್ನೊಂದು ತೊಡಕು ಗಾತ್ರ. ಏಳು ಕೆ.ಜಿ.ಯ ಗಂಡನ್ನು ಒಂದು ಮನೆಯವರು ಕೊಂಡು ಏನು ಮಾಡುತ್ತಾರೆ? ಕುಕ್ಕರಿಗೆ ಒಂದು ಕಾಲು ಹಿಡಿದರೆ ಹೆಚ್ಚು. ಇದಕ್ಕೆ ನಮ್ಮ ಕಡೆಯಲ್ಲೇ ಉಪಾಯವಿದೆ, ಗುಡ್ಡೆ ಬಾಡು. ಹೊಸತೊಡಕಿಗೆ ಕುರಿ ಕುಯ್ದು ಪಾಲು ಹಾಕುತ್ತಾರಲ್ಲ, ಹಾಗೇ ಆರೇಳು ಮನೆಯವರನ್ನು ಮೊದಲೇ ಒಪ್ಪಿಸಿ ಒಂದು ಟರ್ಕಿಯನ್ನು ಗುಡ್ಡೆ ಹಾಕಿ. ಎದೆ, ತೊಡೆ, ಈಲಿ ಎಲ್ಲರಿಗೂ ಸಮ ಬರಲಿ. ಆರು ತಿಂಗಳ ಹೆಣ್ಣಾದರೆ ಮಾಂಸ ಮೃದು. ಕೊಬ್ಬರಿ, ಗಸಗಸೆ ಅರೆದು ನಾಟಿ ಸಾರಿನ ಮಸಾಲೆಯಲ್ಲೇ ಮಾಡಿದರೆ ಮುದ್ದೆಗೆ ಚೆನ್ನಾಗಿ ಹೊಂದುತ್ತದೆ. ವರ್ಷ ದಾಟಿದ ಗಂಡು ನಾರು ನಾರು, ಅದನ್ನು ಕೈಮ ಮಾಡಿಸುವುದೇ ಸರಿ. ಎಂಟು ವರ್ಷದಿಂದ ಬೀದಿಯವರಿಗೆ ಮೊಟ್ಟೆ, ಹುಂಜ ಮಾರುತ್ತಿರುವವರು ನೀವು. ಗಿರಾಕಿ ನಿಮಗೆ ಗೊತ್ತು, ಅವರಿಗಲ್ಲ. ಉಳಿದಿರುವ ಟರ್ಕಿಗಳನ್ನು ಮಾರುವ ಜವಾಬ್ದಾರಿಯನ್ನು ನೀವು ತೆಗೆದುಕೊಂಡರೆ ಮನೆಯ ವಾತಾವರಣವೇ ಬೇರೆಯಾದೀತು.

ಈಗ ಆ ಏಜೆಂಟು. ‘ಮರಿ ನಾವು ಕೊಡುತ್ತೇವೆ, ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ’ ಎಂಬ ಮಾತನ್ನು ನಮ್ಮ ಭಾಗ ಮೊದಲ ಸಲ ಕೇಳುತ್ತಿಲ್ಲ. ಎಮು ನೆನಪಿರಬೇಕು. ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈನಿಂದ ಶುರುವಾದ ಹುಚ್ಚು ಅದು. ಎಣ್ಣೆಗೆ ಬೇಡಿಕೆ, ಚರ್ಮಕ್ಕೆ ಬೇಡಿಕೆ, ತಿಂಗಳು ತಿಂಗಳು ಹಣ ಎಂದು ಜನ ಲಕ್ಷಗಟ್ಟಲೆ ಕಟ್ಟಿದರು. 2012ರಲ್ಲಿ ಕಂಪನಿಗಳು ಒಂದಾದ ಮೇಲೊಂದು ಬಾಗಿಲು ಹಾಕಿಕೊಂಡವು, ಶೆಡ್ಡುಗಳಲ್ಲಿ ಮೇವಿಲ್ಲದೆ ಎಮುಗಳು ಉಳಿದವು. ಅಲ್ಲಿ ಆದದ್ದಿಷ್ಟು: ಕಂಪನಿಯ ವ್ಯಾಪಾರ ಎಮು ಮಾಂಸದ್ದಲ್ಲ, ಎಮು ಮರಿಯದ್ದು. ಹೊಸದಾಗಿ ಸೇರಿದವರ ಹಣದಲ್ಲಿ ಹಳಬರಿಗೆ ಕೊಡುತ್ತಿದ್ದರು. ಹೊಸಬರು ನಿಂತ ದಿನ ಎಲ್ಲ ನಿಂತಿತು. ನಿಮ್ಮ ಮನೆಗೆ ಬಂದವನೂ ಅಂಥವನೇ ಎಂದು ನಾನು ಹೇಳುವುದಿಲ್ಲ. ಆದರೆ ಮೂರು ಲಕ್ಷದಲ್ಲಿ ಅವನು ಸಂಪಾದಿಸುವುದು ಯಾವಾಗ, ಮರಿ ಕೊಟ್ಟಾಗಲೋ, ಹಕ್ಕಿ ಮಾರಿದಾಗಲೋ ಎಂದು ಕೇಳಿ ನೋಡಿ. ಮರಿ ಕೊಟ್ಟ ದಿನವೇ ಅವನ ಲಾಭ ಮುಗಿದಿದ್ದರೆ, ಬೆಳೆದ ಹಕ್ಕಿಯನ್ನು ವಾಪಸ್ ಒಯ್ಯಲು ಅವನಿಗೆ ಯಾವ ಅವಸರವೂ ಇರುವುದಿಲ್ಲ. ಅಗ್ರಿಮೆಂಟಿನಲ್ಲಿ ‘ಆರೋಗ್ಯವಂತ, ಕಂಪನಿ ನಿಗದಿಪಡಿಸಿದ ತೂಕದ ಹಕ್ಕಿ ಮಾತ್ರ’ ಎಂಬ ಸಾಲು ಇದ್ದೇ ಇರುತ್ತದೆ, ಹುಡುಕಿ.

ಒಂದು ಎಕರೆಗೆ 200–250 ಟರ್ಕಿ ಬಿಡಬಹುದು ಎಂಬ ಲೆಕ್ಕವನ್ನೂ ಅವನು ತೋರಿಸಿರಬಹುದು. ಪುಸ್ತಕದಲ್ಲಿ ಅದು ಇದೆ, ನಿಜವೂ ಹೌದು. ಜಾಗ ಸಾಲುವುದು ಬೇರೆ, ಗಿರಾಕಿ ಸಾಲುವುದು ಬೇರೆ. ಹಾಗೇ ಗ್ರಾಮೀಣ ಕೋಳಿ ಸಾಕಣೆಗೆ ಕೇಂದ್ರ ಸರ್ಕಾರ ಅರ್ಧ ಸಬ್ಸಿಡಿ ಕೊಡುತ್ತದೆ, 25 ಲಕ್ಷದವರೆಗೆ ಸಿಗುತ್ತದೆ ಎಂಬ ಮಾತೂ ಬಂದಿದ್ದರೆ, ಅದು ಸಾವಿರ ತಾಯಿಕೋಳಿ ಇಟ್ಟು ಮರಿ ಮಾಡಿಸುವವರ ಯೋಜನೆ. ನಿಮ್ಮಂಥ ಹಿತ್ತಲ ಹಿಂಡಿಗಲ್ಲ.

ಹಕ್ಕಿಜ್ವರದ ವಿಷಯವನ್ನೂ ಹೇಳಲೇಬೇಕು. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಅದು ಮೊದಲು ಕಾಣಿಸಿದ್ದು ಟರ್ಕಿ ಹಿಂಡಿನಲ್ಲೇ. ವೈದ್ಯರು, ಬೇಲಿ, ಕಾವಲು ಎಲ್ಲ ಇದ್ದ ಜಾಗ ಅದು. ಆಮೇಲೆ ಅಲ್ಲಿದ್ದ ಕೋಳಿ, ಬಾತು, ಎಮು ಎಲ್ಲವನ್ನೂ ಕೊಂದು ಹೂಳಬೇಕಾಯಿತು. ನಮ್ಮ ಊರಿನಲ್ಲಿ 2017ರ ಜನವರಿಯಲ್ಲಿ ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತ್ತು. 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಕಾಣಿಸಿಕೊಂಡಾಗ ಒಂದು ಕಿ.ಮೀ. ವ್ಯಾಪ್ತಿಯೊಳಗೆ ಮನೆಯಲ್ಲಿ ಸಾಕಿದ ಕೋಳಿಯನ್ನೂ ಬಿಡಲಿಲ್ಲ. ಪರಿಹಾರ ಸಿಗುವುದು ಸರ್ಕಾರ ಕೊಲ್ಲಿಸಿದ ಹಕ್ಕಿಗೆ, ಅದಕ್ಕೆ ಮೊದಲೇ ಸತ್ತದ್ದಕ್ಕಲ್ಲ. ಹೆದರಿಸಲು ಹೇಳುತ್ತಿಲ್ಲ, ಒಂಬತ್ತು ಹಕ್ಕಿ ಹೋದರೆ ಮನಸ್ಸಿಗೆ ನೋವು, ನೂರು ಹೋದರೆ ಎಫ್‌ಡಿಗೆ ನೋವು.

ಇದೇ ಕಾರಣಕ್ಕೆ ತಾರಸಿಯ ಮೇಲಿನ ಜೋಡಿಯನ್ನು ಈ ವಾರವೇ ಜಮೀನಿಗೆ ಸಾಗಿಸಿ. ನಿಮ್ಮ ಬಡಾವಣೆಯ ಪಕ್ಕದಲ್ಲೇ ಲಿಂಗಾಂಬುಧಿ ಕೆರೆ, ಚಳಿಗಾಲದಲ್ಲಿ ಅಲ್ಲಿಗೆ ಎಲ್ಲೆಲ್ಲಿಂದಲೋ ನೀರುಹಕ್ಕಿಗಳು ಬರುತ್ತವೆ, ಹಕ್ಕಿಜ್ವರ ಅವುಗಳ ಜೊತೆಗೂ ಬರಬಹುದು. ಅಷ್ಟಲ್ಲದೆ ಪಕ್ಕದ ಮನೆಯವರದು ನ್ಯಾಯವಾದ ದೂರು. ಗಂಡು ಟರ್ಕಿ ಪ್ರೆಷರ್ ಹಾರ್ನಿಗೆ, ಕುಕ್ಕರ್ ಸೀಟಿಗೆ, ಪಟಾಕಿಗೆ, ಜೋರಾಗಿ ನಕ್ಕರೂ ಉತ್ತರ ಕೊಡುತ್ತದೆ. ಕಾರ್ಪೊರೇಷನ್ನಿನ ತನಕ ಹೋಗುವ ಮೊದಲು ನೀವೇ ಹೋಗಿ ‘ಇನ್ನೆರಡು ದಿನದಲ್ಲಿ ಸಾಗಿಸುತ್ತೇವೆ’ ಅಂದುಬಿಡಿ. ಮೊಮ್ಮಗನಿಗೆ ಆದದ್ದು ಆ ಹಕ್ಕಿಯ ದುಷ್ಟತನದಿಂದಲ್ಲ. ಹೆಣ್ಣಿನ ಜೊತೆ ಇರುವ ಗಂಡು ಗರಿ ಕೆದರಿ, ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತ ತಿರುಗುತ್ತದೆ. ಮುಖದ ತೊಗಲು ಕ್ಷಣದಲ್ಲಿ ಕೆಂಪು, ಬಿಳಿ, ನೀಲಿ ಆಗುತ್ತದೆ, ಕೊಕ್ಕಿನ ಮೇಲಿನ ಜೋಲು ಉದ್ದವಾಗಿ ಇಳಿಬೀಳುತ್ತದೆ. ನೋಡಲು ಅಷ್ಟು ಚೆಂದದ ಹಕ್ಕಿ ಹಿತ್ತಲಲ್ಲಿ ಇನ್ನೊಂದಿಲ್ಲ. ಆ ಹೊತ್ತಿನಲ್ಲಿ ಎದುರಿಗೆ ಬಂದು ಓಡಿದ ಸಣ್ಣದೆಲ್ಲ ಅದಕ್ಕೆ ಎದುರಾಳಿ. ಮಗುವನ್ನು ಒಬ್ಬನೇ ಹತ್ತಿರ ಬಿಡಬೇಡಿ, ಕಾಲಿನ ಮುಳ್ಳು ಚುಚ್ಚಿದರೆ ಕಣ್ಣಿಗೇ ಅಪಾಯ.

ಜಮೀನಿನಲ್ಲಿ ರಾತ್ರಿ ಮುಚ್ಚಿದ ಶೆಡ್ಡು ಇರಲೇಬೇಕು. ಸಂಜೆಯಾದರೆ ಟರ್ಕಿ ಮರ ಹತ್ತಲು ನೋಡುತ್ತದೆ, ಒಂದು ಕಡೆಯ ರೆಕ್ಕೆಯ ಉದ್ದ ಗರಿ ಕತ್ತರಿಸಿದರೆ ಹಾರಾಟ ನಿಲ್ಲುತ್ತದೆ. ಬೀದಿನಾಯಿ, ಮುಂಗುಸಿ ಮಾತ್ರವಲ್ಲ, 2024ರ ಡಿಸೆಂಬರ್ ಕೊನೆಯ ದಿನ ಇನ್ಫೋಸಿಸ್ ಕ್ಯಾಂಪಸ್ಸಿನೊಳಗೇ ಚಿರತೆ ಓಡಾಡಿದ ಊರು ನಮ್ಮದು. ಟರ್ಕಿ ಇದ್ದರೆ ಹಾವು ಬರಲ್ಲ ಎಂದು ತೋಟ ನೋಡಿಕೊಳ್ಳುವವರು ಹೇಳಿಯಾರು. ಹಾವು ಕಂಡರೆ ಗುಂಪಾಗಿ ಸುತ್ತುವರಿದು ಕೂಗುತ್ತವೆ, ಅಷ್ಟು ನಿಜ. ಅದನ್ನು ನಂಬಿ ಬರಿಗಾಲಲ್ಲಿ ಓಡಾಡಬೇಡಿ.

ಕೊನೆಗೆ ನಿಮ್ಮ ಯಜಮಾನರ ವಿಷಯ. ಮೂವತ್ತು ಮೂವತ್ತೈದು ವರ್ಷ ಶಿಫ್ಟಿನ ಸೈರನ್ನಿಗೆ ಎದ್ದವರು ಅವರು. ಜಮೀನಿನಲ್ಲಿ ಕೋಳಿ ನಿಮ್ಮದು, ಗಿರಾಕಿ ನಿಮ್ಮವರು, ಲೆಕ್ಕ ನಿಮ್ಮದು. ತಮ್ಮದೇ ಎಂದು ಹೇಳಿಕೊಳ್ಳಲು ಅವರಿಗೆ ಏನಾದರೂ ಬೇಕಿತ್ತು, ಟರ್ಕಿ ಸಿಕ್ಕಿತು. ಅದನ್ನು ಕಿತ್ತುಕೊಳ್ಳಬೇಡಿ. ‘ಟರ್ಕಿ ಬೇಡ’ ಅಂದರೆ ಜಗಳ ಮುಂದುವರಿಯುತ್ತದೆ. ‘ಟರ್ಕಿ ಇರಲಿ, ಸಾಲಸೋಲವಿಲ್ಲದೆ ಇರಲಿ’ ಅನ್ನಿ. ಏಳು ಹಕ್ಕಿ ಅಲ್ಲಿವೆ, ಎರಡು ಇಲ್ಲಿಂದ ಹೋಗುತ್ತವೆ. ಎರಡು ಗಂಡು, ಉಳಿದದ್ದೆಲ್ಲ ಹೆಣ್ಣು ಇದ್ದರೆ ಹಾಗೇ ಉಳಿಸಿಕೊಳ್ಳಿ, ಐದು ಹೆಣ್ಣಿಗೆ ಒಂದು ಗಂಡು ಸಾಕು. ಮೂವತ್ತು ವಾರ ದಾಟಿದರೆ ಮೊಟ್ಟೆ ಶುರು. ಒಂದು ಹೆಣ್ಣು ವರ್ಷಕ್ಕೆ 80ರಿಂದ 100 ಇಡುತ್ತದೆ. ಮರಿ ಕೊಳ್ಳುವ ಖರ್ಚು ತಪ್ಪುತ್ತದೆ. ಹೆಚ್ಚಿನ ಗಂಡುಗಳನ್ನು ಗುಡ್ಡೆ ಹಾಕಿ ಮಾರಿ. ಒಂದು ನೋಟ್‌ಬುಕ್ ತಂದು ಅವರ ಕೈಗೇ ಕೊಡಿ, ಫೀಡು ಎಷ್ಟು, ಸತ್ತದ್ದೆಷ್ಟು, ಬಂದದ್ದೆಷ್ಟು ಅವರೇ ಬರೆಯಲಿ. ಕಾರ್ಖಾನೆಯವರಿಗೆ ಲಾಗ್‌ಬುಕ್ ಬರೆಯುವುದು ಹೊಸದಲ್ಲ. ಹೆಸರಘಟ್ಟದ ಸಂಸ್ಥೆಯಲ್ಲಿ ಕೋಳಿ ಸಾಕಣೆಯ ತರಬೇತಿ ನಡೆಯುತ್ತದೆ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಏಜೆಂಟಿನ ತರಬೇತಿಗಿಂತ ಮೊದಲು ಅಲ್ಲಿಗೆ ಹೋಗಿ ಬರಲಿ, ನೀವೂ ಜೊತೆಗೆ ಹೋಗಿ. ಕ್ರಿಸ್‌ಮಸ್‌ಗೆ ಮಾರುವ ಆಸೆ ಇದ್ದರೆ ಮರಿ ಜೂನ್‌ನಲ್ಲೇ ಬಲ್ಬಿನ ಕೆಳಗೆ ಇರಬೇಕು, ಹೊಸತೊಡಕಿಗಾದರೆ ದಸರಾ ಹೊತ್ತಿಗೆ. ಒಂದು ಕ್ರಿಸ್‌ಮಸ್, ಒಂದು ಹೊಸತೊಡಕು ಕಳೆದ ಮೇಲೂ ನೋಟ್‌ಬುಕ್ಕಿನಲ್ಲಿ ಲಾಭ ಕಂಡರೆ ಮುಂದಿನ ವರ್ಷ ಮೂವತ್ತಕ್ಕೆ ಏರಿಸಿ, ಆಗ ನಾನೇ ಸಹಿ ಹಾಕಿ ಅನ್ನುತ್ತೇನೆ.

ಮಗನಿಗೂ ಒಂದು ಕೆಲಸ ಕೊಡಿ. ಬೆಂಗಳೂರಿನಲ್ಲೇ ಇದ್ದಾನಲ್ಲ, ಡಿಸೆಂಬರ್‌ನಲ್ಲಿ ರಸೆಲ್ ಮಾರುಕಟ್ಟೆಗೆ ಹೋಗಿ ಅಂಗಡಿಯವರು ಸಾಕಿದವರಿಂದ ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ವಿಚಾರಿಸಲಿ. ಗಿರಾಕಿಗೆ ಹೇಳುವ ಬೆಲೆ ಬೇಡ, ನಿಮಗೆ ಕೊಡುವ ಬೆಲೆ ಬೇಕು.

ಆ ಏಜೆಂಟ್ ಮತ್ತೆ ಬಂದರೆ ಕಾಫಿ ಕೊಟ್ಟು ಕೂರಿಸಿ, ಯಜಮಾನರ ಎದುರಿಗೇ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ನೀವು ವಾಪಸ್ ಕೊಂಡ ಟರ್ಕಿಯನ್ನು ಮೈಸೂರಿನ ಯಾವ ಅಂಗಡಿಗೆ, ಯಾವ ಹೋಟೆಲಿಗೆ ಮಾರಿದಿರಿ, ಬಿಲ್ಲು ತೋರಿಸಿ. ತೋರಿಸಿದರೆ ಆ ಅಂಗಡಿಯ ವಿಳಾಸ ಬರೆದುಕೊಳ್ಳಿ, ನಿಮ್ಮ ಗಂಡು ಟರ್ಕಿಗಳನ್ನು ನೇರ ಅಲ್ಲಿಗೇ ಒಯ್ಯಬಹುದು.